ಪ್ರತಿ ಸಲವೂ ಅದೇ ಪಾಪ: ನನ್ನ ಪಾಪನಿವೇದನೆ ಸಿಂಧುವೇ?

ಓದುಗರ ಪ್ರಶ್ನೆ: ತಿಂಗಳಿಗೊಮ್ಮೆ ಪಾಪನಿವೇದನೆಗೆ (ಗುರುಗಳ, ಅಂದರೆ ಪಾದ್ರಿಗಳ ಮುಂದೆ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯುವ ಕ್ಯಾಥೋಲಿಕ್ ಸಂಸ್ಕಾರ) ಹೋಗುತ್ತೇನೆ. ಕುಡಿತ, ಕುಡಿದು ಬಂದು ಮನೆಯಲ್ಲಿ ಬೈಗುಳ, ಭಾನುವಾರದ ಬಲಿಪೂಜೆ ತಪ್ಪಿಸುವುದು. ಪ್ರತಿ ಸಲವೂ ಇದೇ. ‘ಇನ್ನು ಮಾಡುವುದಿಲ್ಲ’ ಎಂದು ಗುರುಗಳ ಮುಂದೆ ಹೇಳುವಾಗಲೇ ಮುಂದಿನ ತಿಂಗಳೂ ಇದೇ ಪಾಡು ಅನ್ನಿಸುತ್ತಿರುತ್ತದೆ. ಹೀಗಿರುವಾಗ ಕ್ಷಮೆ ಕೇಳುವುದು ದೇವರಿಗೇ ಸುಳ್ಳು ಹೇಳಿದ ಹಾಗಲ್ಲವೇ?

ಅಲ್ಲ. ಮತ್ತೆ ಬಿದ್ದುಬಿಡುತ್ತೇನೇನೋ ಎಂಬ ಅಳುಕು ಬೇರೆ, ಮತ್ತೆ ಮಾಡಿಯೇ ಮಾಡುತ್ತೇನೆ ಎಂಬ ತೀರ್ಮಾನ ಬೇರೆ. ಪಾಪನಿವೇದನೆಯನ್ನು ಕೆಡಿಸುವುದು ಆ ತೀರ್ಮಾನವೇ ಹೊರತು ಅಳುಕಲ್ಲ. 1551ರಲ್ಲಿ ಧರ್ಮಸಭೆಯ ಬಿಷಪ್ಪರು ಸೇರಿದ್ದ ಟ್ರೆಂಟ್ ಮಹಾಸಭೆ ಪಶ್ಚಾತ್ತಾಪ ಎಂದರೇನು ಎಂದು ವಿವರಿಸಿತು: ಮಾಡಿದ ಪಾಪಕ್ಕಾಗಿ ಮನಸ್ಸಿನ ನೋವು, ಆ ಪಾಪದ ಮೇಲೆ ಹೇಸಿಗೆ, ಇನ್ನು ಮಾಡುವುದಿಲ್ಲವೆಂಬ ನಿರ್ಧಾರ. ನಿರ್ಧಾರ ಬೇಕು ಎಂದಿದೆ, ಗ್ಯಾರಂಟಿ ಬೇಕು ಎಂದಿಲ್ಲ. ಪೋಪ್ ಎರಡನೇ ಜಾನ್ ಪೌಲರು 1996ರ ಮಾರ್ಚಿನಲ್ಲಿ ಕಾರ್ಡಿನಲ್ ವಿಲಿಯಂ ಬಾಮ್ ಅವರಿಗೆ ಬರೆದ ಪತ್ರದಲ್ಲಿ ಇದೇ ಸಂಶಯವನ್ನು ಬಿಡಿಸಿ ಹೇಳಿದ್ದಾರೆ. ಮತ್ತೆ ಬೀಳುವ ಭಯವಿದ್ದರೂ, ತಪ್ಪಿಸಿಕೊಳ್ಳಲು ಕೈಲಾದುದನ್ನು ಮಾಡುವ ಮನಸ್ಸು ಇದ್ದರೆ ಆ ನಿರ್ಧಾರ ಅಸಲಿಯೇ. ಧರ್ಮಸಭೆಯ ಕಾನೂನು ಸಂಹಿತೆಯ 980ನೇ ವಿಧಿಯೂ ಈ ಕಡೆಗೇ ಇದೆ: ಬಂದವರ ಮನಸ್ಥಿತಿಯಲ್ಲಿ ಗುರುಗಳಿಗೆ ಸಂದೇಹವಿಲ್ಲದಿದ್ದರೆ, ಕ್ಷಮಾದಾನವನ್ನು ಕೊಡುವುದಿಲ್ಲ ಅನ್ನುವಂತಿಲ್ಲ, ಮುಂದಕ್ಕೆ ಹಾಕುವಂತೆಯೂ ಇಲ್ಲ.

ಕಣ್ಣೀರು ಬರಲಿಲ್ಲ ಎಂದು ಕೊರಗುವವರೂ ಇದ್ದಾರೆ. ಕಣ್ಣೀರು ಅಳತೆಗೋಲಲ್ಲ. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪಶ್ಚಾತ್ತಾಪ ಉತ್ತಮವಾದದ್ದು, ನಿಜ. ಆದರೆ ನರಕದ ಭಯದಿಂದಲೋ ಪಾಪದ ಅಸಹ್ಯದಿಂದಲೋ ಹುಟ್ಟಿದ್ದೂ ಈ ಸಂಸ್ಕಾರಕ್ಕೆ ಸಾಕಾಗುತ್ತದೆ.

ಹಾಗಾದರೆ ಎಡವುವುದೆಲ್ಲಿ? ಹೆಚ್ಚಿನ ಸಲ, ‘ಮಾಡುವುದಿಲ್ಲ’ ಎಂಬ ಮಾತಿಗೆ ಕೈಕಾಲು ಇರುವುದಿಲ್ಲ. ನಿಮ್ಮ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಹೀಗಿದೆ ಎಂದುಕೊಳ್ಳೋಣ: ಶನಿವಾರ ಬಟವಾಡೆ, ಜೇಬಿನಲ್ಲಿ ನಗದು, ಮನೆಗೆ ಹೋಗುವ ದಾರಿಯಲ್ಲೇ ಬಾರು, ಜೊತೆಗೆ ಇಬ್ಬರು ಗೆಳೆಯರು. ಈ ನಾಲ್ಕೂ ಇದ್ದ ಹಾಗೇ ಇದ್ದು, ನಿರ್ಧಾರವೊಂದೇ ಗಟ್ಟಿಯಾಗಿದ್ದರೆ ಅದು ರಾತ್ರಿ ಎಂಟರವರೆಗೂ ಬಾಳುವುದಿಲ್ಲ. ಭಾನುವಾರ ಬೆಳಿಗ್ಗೆ ಬಲಿಪೂಜೆಗೆ ಏಳಲಾಗದಿರುವುದಕ್ಕೂ ಶನಿವಾರ ರಾತ್ರಿಯೇ ಕಾರಣ. ನೀವು ಹೇಳಿದ ಮೂರು ಪಾಪಗಳ ಬೇರು ಒಂದೇ. ಪಶ್ಚಾತ್ತಾಪದ ಪ್ರಾರ್ಥನೆಯಲ್ಲಿ ಪಾಪವನ್ನಷ್ಟೇ ಅಲ್ಲ, ಪಾಪಕ್ಕೆ ಎಡೆಮಾಡುವ ಸಂದರ್ಭಗಳನ್ನೂ ಬಿಡುತ್ತೇನೆ ಎಂಬ ಮಾತು ಬರುತ್ತದಲ್ಲ, ಅದನ್ನು ಬಾಯಿಪಾಠದಲ್ಲಿ ದಾಟಿಸಿಬಿಡುತ್ತೇವೆ. ಸಂಬಳ ನೇರ ಹೆಂಡತಿಯ ಖಾತೆಗೆ ಹೋಗಲಿ, ಶನಿವಾರ ಬೇರೆ ಬಸ್ಸು ಹಿಡಿಯಿರಿ, ಗೆಳೆಯರಿಗೆ ಮೊದಲೇ ಹೇಳಿಬಿಡಿ. ಒಂದು ಸಲಕ್ಕೆ ಒಂದು ಹೆಜ್ಜೆ ಸಾಕು, ಆದರೆ ಅದು ಕಣ್ಣಿಗೆ ಕಾಣುವಂಥದ್ದಾಗಿರಬೇಕು. ಕುಡಿತ ಚಟದ ಮಟ್ಟಕ್ಕೆ ಹೋಗಿದ್ದರೆ ವೈದ್ಯರನ್ನು ಕಾಣುವುದೂ ಆ ನಿರ್ಧಾರದ ಭಾಗವೇ. ಬೇರೂರಿದ ಚಟ ಮನುಷ್ಯನ ಹೊಣೆಯನ್ನು ತಗ್ಗಿಸಬಹುದು ಎಂದು ಧರ್ಮಸಭೆಯ ಧರ್ಮೋಪದೇಶವೂ ಒಪ್ಪುತ್ತದೆ. ಹಾಗೆಂದು ಔಷಧಿ ಬೇಡವೆನ್ನಲು ಅದು ನೆಪವಾಗಬಾರದು.

ಹೇಳುವ ರೀತಿಯೂ ಮುಖ್ಯ. ‘ಫಾದರ್, ಯಾವಾಗಿನ ಹಾಗೇ, ಕೋಪ, ಕುಡಿತ’ ಎಂದರೆ ಗುರುಗಳಿಗೆ ಹಿಡಿತ ಸಿಗುವುದಿಲ್ಲ. ಗಂಭೀರ ವಿಷಯ, ಅದು ಪಾಪವೆಂಬ ಪೂರ್ಣ ಅರಿವು, ಮನಸಾರೆ ಒಪ್ಪಿಗೆ, ಈ ಮೂರೂ ಕೂಡಿದರೆ ಅದು ಮಾರಕ ಪಾಪ. ಅಂಥವನ್ನು ಯಾವ ಬಗೆಯದು, ಎಷ್ಟು ಸಲ ಎಂದು ಹೇಳಲೇಬೇಕು. ಹೀಗೆ ಹೇಳಿ ನೋಡಿ: ‘ಹಿಂದಿನ ಪಾಪನಿವೇದನೆ ಆಗಿ ಐದು ವಾರ. ಮೂರು ಸಲ ಮೈಮೇಲೆ ಪ್ರಜ್ಞೆಯಿಲ್ಲದಷ್ಟು ಕುಡಿದೆ. ಅದರಲ್ಲಿ ಒಂದು ಸಲ ಹೆಂಡತಿಯ ಮೇಲೆ ಕೈ ಮಾಡಿದೆ. ಎರಡು ಭಾನುವಾರ ಪೂಜೆ ತಪ್ಪಿಸಿದೆ.’ ಅರ್ಧ ನಿಮಿಷದ ಮಾತು. ಸರಿಯಾದ ಲೆಕ್ಕ ನೆನಪಿಲ್ಲದಿದ್ದರೆ ‘ವಾರಕ್ಕೊಮ್ಮೆಯಂತೆ’ ಎಂದರೂ ನಡೆಯುತ್ತದೆ. ಅತ್ತೆ ಏನಂದರು, ಭಾವಮೈದ ಹೇಗೆ ಕೆಣಕಿದ ಎಂಬುದು ಅಲ್ಲಿ ಬೇಕಿಲ್ಲ. ಅವರ ಪಾಪವನ್ನು ಅವರೇ ಹೇಳಿಕೊಳ್ಳುತ್ತಾರೆ.

ನಿಜವಾಗಿ ಸಿಂಧುವಾಗದಿರುವುದು ಇಂಥ ಕಡೆ: ಚೀಟಿ ಹಣ ನುಂಗಿದವನು ಹಿಂದಿರುಗಿಸುವ ಶಕ್ತಿಯಿದ್ದೂ ಕೊಡಲೊಲ್ಲೆ ಎಂದುಕೊಂಡೇ ಮೊಣಕಾಲೂರಿದರೆ, ಅಕ್ರಮ ಸಂಬಂಧವನ್ನು ಬಿಡುವ ಮನಸ್ಸೇ ಇಲ್ಲದೆ ಬಂದರೆ, ಒಂದು ಮಾರಕ ಪಾಪವನ್ನು ನಾಚಿಕೆಯಿಂದ ಬೇಕೆಂತಲೇ ಮುಚ್ಚಿಟ್ಟರೆ. ಮುಚ್ಚಿಟ್ಟಾಗ ಉಳಿದವಕ್ಕೂ ಕ್ಷಮೆ ಸಿಗುವುದಿಲ್ಲ, ಮೇಲೊಂದು ಪಾಪ ಸೇರುತ್ತದೆ. ಮುಂದಿನ ಸಲ ‘ಇಂಥದ್ದನ್ನು ಮುಚ್ಚಿಟ್ಟಿದ್ದೆ’ ಎಂದು ಶುರುಮಾಡಿ, ಅಂದಿನಿಂದ ಹೇಳಿದ ಮಾರಕ ಪಾಪಗಳನ್ನೂ ಮತ್ತೆ ಹೇಳಬೇಕು. ಮರೆತದ್ದು ಮಾತ್ರ ಬೇರೆ. ಮರೆತ ಪಾಪಕ್ಕೂ ಕ್ಷಮೆ ಸಿಕ್ಕಿದೆ. ನೆನಪಾದರೆ ಮುಂದಿನ ಸಲ ಹೇಳಿದರಾಯಿತು, ಅಲ್ಲಿಯವರೆಗೆ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವುದನ್ನು ಬಿಡಬೇಕಿಲ್ಲ. ಕ್ಷಮೆ ಸಿಕ್ಕ ಪಾಪವನ್ನೇ ‘ಸರಿಯಾಗಿ ಹೇಳಿದೆನೋ ಇಲ್ಲವೋ’ ಎಂದು ಹತ್ತು ಸಲ ಹೇಳುವ ಅಭ್ಯಾಸವಿದ್ದರೆ, ಒಬ್ಬರೇ ಗುರುಗಳನ್ನು ಹಿಡಿದು ಅವರು ಸಾಕೆಂದಾಗ ನಿಲ್ಲಿಸಿ.

ಇಟಲಿಯ ಪಾಡುವಾದಲ್ಲಿ ದಶಕಗಳ ಕಾಲ ಪಾಪನಿವೇದನೆ ಕೇಳುತ್ತ ಕೂತಿದ್ದ ಸಂತ ಲಿಯೋಪೋಲ್ಡ್ ಮಾಂಡಿಚ್ (1942ರಲ್ಲಿ ತೀರಿಕೊಂಡರು) ತುಂಬಾ ಸಡಿಲ ಎಂಬ ದೂರು ಅವರ ಕಾಲದಲ್ಲೇ ಇತ್ತು. ಅವರು ಶಿಲುಬೆಯತ್ತ ಕೈ ತೋರಿ, ಈ ಕೆಟ್ಟ ಮಾದರಿ ಹಾಕಿಕೊಟ್ಟವನು ಆತನೇ ಎನ್ನುತ್ತಿದ್ದರಂತೆ. ಬೈಸಿಕೊಳ್ಳುವ ಭಯದಿಂದ ಪಾಪನಿವೇದನೆಯನ್ನೇ ಬಿಟ್ಟವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಇನ್ನು ಸಮಯದ ಮಾತು. ಕ್ರಿಸ್ಮಸ್, ಈಸ್ಟರ್ ಹಿಂದಿನ ವಾರ ಸಾಲು ಉದ್ದವಿರುತ್ತದೆ, ಒಬ್ಬರಿಗೆ ಎರಡು ಮೂರು ನಿಮಿಷ ಸಿಕ್ಕರೆ ಹೆಚ್ಚು. ನಿಮ್ಮಂಥ ವಿಷಯಕ್ಕೆ ಅದು ಸಾಲದು. ವಾರದ ನಡುವೆ ಧರ್ಮಕೇಂದ್ರದ ಗುರುಗಳಿಗೆ ಫೋನ್ ಮಾಡಿ ಅರ್ಧ ಗಂಟೆ ಕೇಳಿ. ಫೋನಿನಲ್ಲಿ ಸಮಯ ಕೇಳಬಹುದು, ಪಾಪನಿವೇದನೆ ಮಾತ್ರ ಎದುರಾಬದುರೇ ಆಗಬೇಕು. ವಾಟ್ಸ್‌ಆ್ಯಪ್ ಕರೆಯಲ್ಲಿ ಆಗುವುದಿಲ್ಲ. ಗಲ್ಫಿನಲ್ಲೋ ಜರ್ಮನಿಯಲ್ಲೋ ಇದ್ದು ಕನ್ನಡವಾಗಲಿ ಕೊಂಕಣಿಯಾಗಲಿ ಬಲ್ಲ ಗುರುಗಳು ಸಿಗದವರಿಗೆ ದುಭಾಷಿಯನ್ನು ಇಟ್ಟುಕೊಳ್ಳಲು ಅದೇ ಕಾನೂನು ಸಂಹಿತೆಯ 990ನೇ ವಿಧಿ ಅನುಮತಿ ಕೊಡುತ್ತದೆ. ಅಲ್ಲಿ ಕೇಳಿದ್ದನ್ನು ಗುಟ್ಟಾಗಿ ಇಡುವ ಕಟ್ಟುಪಾಡು ದುಭಾಷಿಗೂ ಉಂಟು.