ಗೆದ್ದ ಹೆಸರಿನ ಕೆಳಗಿರುವ ಲೆಕ್ಕ

ವೈಜ್ಞಾನಿಕ ಮತ್ತು ಫ್ಯಾಂಟಸಿ ಬರಹಗಳಿಗೆ ವರ್ಷವರ್ಷವೂ ಕೊಡುವ ಹ್ಯೂಗೋ ಪ್ರಶಸ್ತಿಗಳು ಪ್ರಕಟವಾದ ಮರುಗಳಿಗೆಯಿಂದ ಎರಡೇ ಮಾತು ಕಿವಿಗೆ ಬೀಳುತ್ತವೆ. ‘ಅಯ್ಯೋ, ಇದಕ್ಕಾ ಕೊಟ್ಟಿದ್ದು?’ ಎನ್ನುವುದು ಒಂದು. ‘ನಾನು ಆಗಲೇ ಹೇಳಿರಲಿಲ್ಲವೇ?’ ಎನ್ನುವುದು ಇನ್ನೊಂದು. ಎರಡನ್ನೂ ಹೇಳುವವರು ನೋಡಿರುವುದು ಗೆದ್ದ ಹೆಸರುಗಳ ಒಂದು ಪುಟದ ಪಟ್ಟಿಯನ್ನು ಮಾತ್ರ. ವೈಜ್ಞಾನಿಕ ಮತ್ತು ಫ್ಯಾಂಟಸಿ ಕಾದಂಬರಿಗಳನ್ನು ಪ್ರಕಟಣೆಗೆ ಆರಿಸುವುದು ನನ್ನ ಕೆಲಸ. ಆ ಕೆಲಸಕ್ಕೆ ಆ ಪುಟದಿಂದ ಆಗುವ ಉಪಯೋಗ ಕಡಿಮೆ. ಅದರ ಹಿಂದೆಯೇ ಬರುವ ಹತ್ತಾರು ಪುಟಗಳ ಮತ ಎಣಿಕೆಯ ಕಡತವೇ ನನಗೆ ಬೇಕಾದದ್ದು. ಯಾವ ಪುಸ್ತಕಕ್ಕೆ ಯಾವ ಸುತ್ತಿನಲ್ಲಿ ಎಷ್ಟು ಮತ ಬಿತ್ತು, ಯಾವುದು ಅಂತಿಮ ಪಟ್ಟಿಗೆ ಕೂದಲೆಳೆಯಲ್ಲಿ ತಪ್ಪಿಹೋಯಿತು ಎಂಬುದೆಲ್ಲ ಅದರಲ್ಲಿರುತ್ತದೆ.

‘ಪ್ರಶಸ್ತಿ ಬಂದಿದೆಯಾ?’ ಎಂದು ಮಾರಾಟ ವಿಭಾಗದವರು ಕೇಳಿದಾಗ ನಾನು ಮೊದಲು ನೋಡುವುದು ಅದನ್ನು ಕೊಟ್ಟವರು ಯಾರು ಎಂದು. ಹ್ಯೂಗೋ ಓದುಗರ ಪ್ರಶಸ್ತಿ. 1926ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಶುರುಮಾಡಿದ ಹ್ಯೂಗೋ ಗರ್ನ್ಸ್‌ಬ್ಯಾಕ್ ಹೆಸರಿನಲ್ಲಿ 1953ರಲ್ಲಿ ಫಿಲಡೆಲ್ಫಿಯಾದ ವರ್ಲ್ಡ್‌ಕಾನ್‌ನಲ್ಲಿ, ಅಂದರೆ ಈ ಬಗೆಯ ಸಾಹಿತ್ಯದ ಅಭಿಮಾನಿಗಳ ವಾರ್ಷಿಕ ಸಮ್ಮೇಳನದಲ್ಲಿ, ಮೊದಲು ಕೊಟ್ಟದ್ದು. ಶುಲ್ಕ ಕಟ್ಟಿ ಆ ಸಮ್ಮೇಳನದ ಸದಸ್ಯರಾದ ಯಾರು ಬೇಕಾದರೂ ಮತ ಹಾಕಬಹುದು. ನೆಬ್ಯುಲಾ ಲೇಖಕರ ಪ್ರಶಸ್ತಿ. ಅಮೆರಿಕದ ವೈಜ್ಞಾನಿಕ ಕಥಾ ಲೇಖಕರ ಸಂಘದ ಸದಸ್ಯರು 1966ರಿಂದ ತಮ್ಮವರಿಗೆ ತಾವೇ ಕೊಟ್ಟುಕೊಳ್ಳುತ್ತಿರುವುದು. ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ತೀರ್ಪುಗಾರರದು. ಪ್ರಕಾಶಕರು ಕಳಿಸಿದ ಪುಸ್ತಕಗಳನ್ನು ನಾಲ್ಕೈದು ಜನ ಕೂತು ಓದಿ, ಜಗಳಾಡಿ ಒಂದನ್ನು ಆರಿಸುತ್ತಾರೆ. (ಅದರ ಬಹುಮಾನದ ಮೊತ್ತ ಇಸವಿಗೆ ಸಮ: 2025ರಲ್ಲಿ 2025 ಪೌಂಡ್. ಯಾರ ತಲೆಗೆ ಹೊಳೆಯಿತೋ, ಚೆನ್ನಾಗಿದೆ.) 1987ರಲ್ಲಿ ಅದು ಮೊದಲ ಬಾರಿಗೆ ಸಂದದ್ದು ಮಾರ್ಗರೆಟ್ ಆಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿಗೆ. ಓದುಗರ ಮತಕ್ಕೆ ಬಿಟ್ಟಿದ್ದರೆ ಅದು ಗೆಲ್ಲುತ್ತಿತ್ತು ಎಂದು ಧೈರ್ಯವಾಗಿ ಹೇಳಲಾರೆ.

ಈ ಮೂರೂ ಒಂದೇ ಪುಸ್ತಕದ ಮೇಲೆ ಬಂದು ನಿಲ್ಲುವುದು ಅಪರೂಪ. 2014ರಲ್ಲಿ ಆನ್ ಲೆಕಿ ಅವರ ‘ಆನ್ಸಿಲರಿ ಜಸ್ಟೀಸ್’ಗೆ ಹಾಗಾಯಿತು. ಉಳಿದಂತೆ ಓದುಗರು, ಲೇಖಕರು, ತೀರ್ಪುಗಾರರು ತಮ್ಮ ತಮ್ಮ ದಾರಿ ಹಿಡಿಯುತ್ತಾರೆ, ಹಿಡಿಯಲೂ ಬೇಕು. ಹ್ಯೂಗೋ ಬಂದಾಗ ‘ಭಾಷೆ ಸಪ್ಪೆ’ ಎಂದು, ಕ್ಲಾರ್ಕ್ ಬಂದಾಗ ‘ಯಾರೂ ಓದದ ಪುಸ್ತಕ’ ಎಂದು ಗೊಣಗುವವರು ಒಬ್ಬರಿಂದ ಇನ್ನೊಬ್ಬರ ಕೆಲಸವನ್ನು ನಿರೀಕ್ಷಿಸುತ್ತಿದ್ದಾರೆ ಅಷ್ಟೇ. 2001ರಲ್ಲಿ ‘ಹ್ಯಾರಿ ಪಾಟರ್ ಅಂಡ್ ದ ಗಾಬ್ಲೆಟ್ ಆಫ್ ಫೈರ್’ ಹ್ಯೂಗೋ ಗೆದ್ದಾಗ ವಿಜ್ಞಾನದ ಪ್ರಶಸ್ತಿಯನ್ನು ಮಂತ್ರದಂಡಕ್ಕೆ ಕೊಟ್ಟರು ಎಂದು ಹಲವರು ಮುಖ ಸಿಂಡರಿಸಿದ್ದರು. ನಿಯಮದಲ್ಲಿ ಫ್ಯಾಂಟಸಿಗೂ ಜಾಗವಿದೆ, ಹಿಂದಿನಿಂದಲೂ ಇದೆ. ಆ ವರ್ಷದ ಅಂತಿಮ ಪಟ್ಟಿಯಲ್ಲೇ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’ ಕೂಡ ಇತ್ತು. ಅದು ಗೆದ್ದಿದ್ದರೆ ಅಷ್ಟು ಗದ್ದಲ ಆಗುತ್ತಿರಲಿಲ್ಲವೇನೋ. ಅಂದರೆ ಅವರ ಸಿಟ್ಟು ಮಂತ್ರದ ಮೇಲಿರಲಿಲ್ಲ, ಮಕ್ಕಳ ಪುಸ್ತಕದ ಮೇಲಿತ್ತು.

ಈಗ ಎಣಿಕೆಗೆ ಬರೋಣ. ಜನ ಸೋತುಹೋಗುವ ಜಾಗ ಇದೇ. ಹ್ಯೂಗೋದಲ್ಲಿ ಮತದಾರರು ಒಂದು ಪುಸ್ತಕಕ್ಕೆ ಗುರುತು ಹಾಕಿ ಎದ್ದುಹೋಗುವುದಿಲ್ಲ. ಸದಸ್ಯರದೇ ನಾಮನಿರ್ದೇಶನದಿಂದ ಆರಿಸಿದ ಅಂತಿಮ ಆರಕ್ಕೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಕೊಡುತ್ತಾರೆ. ಮೊದಲ ಪ್ರಾಶಸ್ತ್ಯ ಅತಿ ಕಡಿಮೆ ಸಿಕ್ಕ ಪುಸ್ತಕವನ್ನು ಹೊರಗಿಟ್ಟು, ಅದರ ಮತಗಳನ್ನು ಆಯಾ ಮತಪತ್ರದ ಮುಂದಿನ ಹೆಸರಿಗೆ ಹಂಚುತ್ತಾರೆ. ಯಾವುದಾದರೂ ಒಂದಕ್ಕೆ ಅರ್ಧಕ್ಕಿಂತ ಹೆಚ್ಚು ಸಿಗುವವರೆಗೆ ಇದು ನಡೆಯುತ್ತದೆ.

ಲೆಕ್ಕ ಸುಲಭವಾಗಲೆಂದು ಮೂರೇ ಪುಸ್ತಕ, ಸಾವಿರ ಮತ ಎಂದು ಇಟ್ಟುಕೊಳ್ಳಿ. ಮೊದಲ ಪ್ರಾಶಸ್ತ್ಯದಲ್ಲಿ ‘ಕ’ಗೆ 360, ‘ಖ’ಗೆ 340, ‘ಗ’ಗೆ 300. ಕಡಿಮೆ ಬಿದ್ದ ‘ಗ’ ಹೊರಗೆ. ಅದರ 300 ಜನರಲ್ಲಿ 220 ಮಂದಿ ಎರಡನೆಯದಾಗಿ ‘ಖ’ವನ್ನು, 60 ಮಂದಿ ‘ಕ’ವನ್ನು ಬರೆದಿದ್ದಾರೆ; 20 ಮಂದಿ ಯಾರನ್ನೂ ಬರೆದಿಲ್ಲ. ‘ಖ’ 560, ‘ಕ’ 420. ‘ಖ’ ಗೆದ್ದಿತು. ಮೊದಲ ಸುತ್ತಿನಲ್ಲಿ ಮುಂದಿದ್ದ ‘ಕ’ ಸೋತದ್ದು ಮೋಸವಲ್ಲ. ಅದನ್ನು ಪ್ರೀತಿಸಿದವರು ಬಹಳ, ಆದರೆ ಪ್ರೀತಿಸದವರು ಅದನ್ನು ಕೊನೆಗೆ ತಳ್ಳಿದ್ದರು.

ಹಾಗಾದರೆ ‘ಕ’ ಎರಡನೆಯ ಸ್ಥಾನ ತಾನೇ? ಅದೂ ಅಲ್ಲ. ಎರಡನೆಯ ಸ್ಥಾನಕ್ಕೆ ಹ್ಯೂಗೋದಲ್ಲಿ ಎಣಿಕೆಯನ್ನು ಮತ್ತೆ ಮೊದಲಿನಿಂದ ಮಾಡುತ್ತಾರೆ, ಗೆದ್ದ ಪುಸ್ತಕವನ್ನು ಎಲ್ಲ ಮತಪತ್ರಗಳಿಂದ ಅಳಿಸಿ. ‘ಖ’ ಅಳಿಸಿದರೆ ಅದರ 340 ಮತಗಳಲ್ಲಿ 230 ‘ಗ’ಗೂ 80 ‘ಕ’ಗೂ ಹೋದವು ಎನ್ನಿ. ‘ಗ’ 530, ‘ಕ’ 440. ಮೊದಲ ಸುತ್ತಿನಲ್ಲೇ ಮನೆಗೆ ಹೋದ ‘ಗ’ ಎರಡನೆಯ ಸ್ಥಾನದಲ್ಲಿ ನಿಂತಿತು, ಅತಿ ಹೆಚ್ಚು ಮೊದಲ ಪ್ರಾಶಸ್ತ್ಯ ಪಡೆದ ‘ಕ’ ಕೊನೆಗೆ. ಹೀಗಾಗಿ ‘ಎರಡನೆಯದು’, ‘ಮೂರನೆಯದು’ ಎಂಬ ಸಾಲುಗಳನ್ನಷ್ಟೇ ಓದಿ ಮುಗಿಸುವವರಿಗೆ ‘ಕ’ದ ಬಲ ಕಣ್ಣಿಗೇ ಬೀಳುವುದಿಲ್ಲ. ನನ್ನ ಮೇಜಿನ ಮೇಲೆ ಮಾತ್ರ ಮೊದಲು ಬಂದು ಕೂರುವುದು ಅದೇ. ಗೆದ್ದ ಪುಸ್ತಕವನ್ನು ಬಹಳ ಜನ ಒಪ್ಪುತ್ತಾರೆ. ‘ಕ’ದಂಥದ್ದನ್ನು ಕೆಲವರು ಹತ್ತು ಜನರ ಕೈಗೆ ತುರುಕಿ ಓದಿಸುತ್ತಾರೆ. ಪ್ರಕಾಶಕನಿಗೆ ಎರಡನೆಯ ಬಗೆಯ ಓದುಗರು ಹೆಚ್ಚು ಬೆಲೆಯುಳ್ಳವರು.

ಮತಪತ್ರದಲ್ಲಿ ಇನ್ನೊಂದು ಆಯ್ಕೆಯೂ ಇರುತ್ತದೆ: ‘ನೋ ಅವಾರ್ಡ್’. ಯಾವುದೂ ಯೋಗ್ಯವಲ್ಲ ಎಂದು ಹೇಳುವ ಹಕ್ಕು. ಅದಕ್ಕೂ ಪ್ರಾಶಸ್ತ್ಯ ಕೊಡಬಹುದು, ಅದರ ಕೆಳಗೂ ಪುಸ್ತಕಗಳನ್ನು ಬರೆಯಬಹುದು. ಎಣಿಕೆ ಮುಗಿದ ಮೇಲೂ ಗೆದ್ದ ಪುಸ್ತಕಕ್ಕೆ ಒಂದು ಪರೀಕ್ಷೆ ಉಳಿದಿರುತ್ತದೆ: ಅದಕ್ಕಿಂತ ‘ನೋ ಅವಾರ್ಡ್’ ಮೇಲೆಂದು ಬರೆದವರೇ ಹೆಚ್ಚಿದ್ದರೆ ಪ್ರಶಸ್ತಿ ಇಲ್ಲ. ಇದು ಕಾಗದದ ಮೇಲಿನ ನಿಯಮವಷ್ಟೇ ಅಲ್ಲ ಎಂದು ತೋರಿದ್ದು 2015. ಪ್ರಶಸ್ತಿ ಒಂದು ರಾಜಕೀಯದವರ ಪಾಲಾಗಿದೆ ಎಂದು ಸಿಟ್ಟಾದ ‘ಸ್ಯಾಡ್ ಪಪ್ಪೀಸ್’, ‘ರೇಬಿಡ್ ಪಪ್ಪೀಸ್’ ಎಂಬ ಎರಡು ಗುಂಪುಗಳು ಸಿದ್ಧ ಪಟ್ಟಿ ಹಂಚಿ ನಾಮನಿರ್ದೇಶನ ಮಾಡಿಸಿದವು. ನಾಮನಿರ್ದೇಶನದಲ್ಲಿ ಭಾಗವಹಿಸುವವರು ಯಾವಾಗಲೂ ಕಡಿಮೆ, ಅವರ ಆಯ್ಕೆಗಳೂ ನೂರಾರು ಪುಸ್ತಕಗಳಲ್ಲಿ ಚೆದುರಿಹೋಗುತ್ತವೆ. ಹಾಗಿರುವಾಗ ಒಂದೇ ಪಟ್ಟಿಗೆ ಗೆರೆ ಎಳೆದಂತೆ ಮತ ಹಾಕುವ ಕೆಲವು ನೂರು ಜನ ಇಡೀ ವಿಭಾಗವನ್ನೇ ಹಿಡಿದುಬಿಡಬಹುದು. ಹಿಡಿದರು. ಅಂತಿಮ ಮತದಾನಕ್ಕೆ ಆರು ಸಾವಿರದ ಹತ್ತಿರ ಜನ ಬಂದು ಐದು ವಿಭಾಗಗಳಲ್ಲಿ ‘ನೋ ಅವಾರ್ಡ್’ ಗೆಲ್ಲಿಸಿದರು.

ಅದೇ ವರ್ಷ ಕಾದಂಬರಿ ವಿಭಾಗದಲ್ಲಿ ಇನ್ನೊಂದು ಕಥೆ. ತಾನು ಕೇಳದೆಯೇ ಸಿದ್ಧ ಪಟ್ಟಿಯಲ್ಲಿ ಸೇರಿಹೋಗಿದ್ದ ಮಾರ್ಕೋ ಕ್ಲೂಸ್ ತಮ್ಮ ಕಾದಂಬರಿಯನ್ನು ಹಿಂದಕ್ಕೆ ಪಡೆದರು. ತೆರವಾದ ಜಾಗಕ್ಕೆ ಬಂದದ್ದು ಚೀನಾದ ಲಿಯು ತ್ಸಿಶಿನ್ ಬರೆದು ಕೆನ್ ಲಿಯು ಇಂಗ್ಲಿಷಿಗೆ ತಂದ ‘ದ ತ್ರೀ-ಬಾಡಿ ಪ್ರಾಬ್ಲಮ್’. ಗೆದ್ದದ್ದೂ ಅದೇ. ಹ್ಯೂಗೋ ಪಡೆದ ಮೊದಲ ಅನುವಾದಿತ ಕಾದಂಬರಿ ಒಬ್ಬ ಲೇಖಕ ತನ್ನ ಕುರ್ಚಿ ಬಿಟ್ಟುಕೊಟ್ಟದ್ದರಿಂದ ಪಟ್ಟಿಗೆ ಬಂತು. ಅಂತಿಮ ಪಟ್ಟಿಯ ಕೆಳಗಂಚಿನಲ್ಲಿ ಯಾರು ಇದ್ದಾರೆ ಎಂದು ನಾನು ಇಷ್ಟು ಕಣ್ಣಿಟ್ಟು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಆ ಗಲಾಟೆಯ ಫಲವಾಗಿ 2017ರಿಂದ ನಾಮನಿರ್ದೇಶನದ ಎಣಿಕೆಯೇ ಬದಲಾಯಿತು. ಒಂದು ವಿಭಾಗದಲ್ಲಿ ಒಬ್ಬರಿಗೆ ಒಟ್ಟು ಒಂದೇ ಅಂಕ. ಐದು ಪುಸ್ತಕ ಸೂಚಿಸಿದರೆ ತಲಾ ಐದನೇ ಒಂದು. ಅವುಗಳಲ್ಲಿ ಮೂರು ಕಣದಿಂದ ಹೊರಬಿದ್ದರೆ ಉಳಿದ ಎರಡಕ್ಕೆ ಅರ್ಧರ್ಧ. ಪ್ರತಿ ಸುತ್ತಿನಲ್ಲೂ ಅಂಕದಲ್ಲಿ ತೀರ ಕೆಳಗಿರುವ ಎರಡನ್ನು ಹೋಲಿಸಿ, ಕಡಿಮೆ ಜನ ಸೂಚಿಸಿದ್ದನ್ನು ತೆಗೆಯುತ್ತಾರೆ, ಆರು ಉಳಿಯುವವರೆಗೆ. ಸಿದ್ಧ ಪಟ್ಟಿ ಹಿಡಿದು ಬಂದವರ ಐದೂ ಪುಸ್ತಕಗಳು ಒಟ್ಟಿಗೇ ಉಳಿದುಕೊಳ್ಳುವುದರಿಂದ ಅವರ ಅಂಕ ಐದು ಚೂರಾಗಿಯೇ ಇರುತ್ತದೆ. ಗುಂಪುಗಾರಿಕೆಗೆ ಬೇಲಿ ಹಾಕಲು ಮಾಡಿದ ವ್ಯವಸ್ಥೆ ಇದು. ಆದರೆ ನನ್ನಂಥವರಿಗೆ ಬೇರೆಯೇ ಒಂದು ಸಲಕರಣೆ ಕೈಗೆ ಬಂತು.

ಕಡತದಲ್ಲಿ ಅಂಕ ಮತ್ತು ಸೂಚಿಸಿದವರ ಸಂಖ್ಯೆ ಎರಡೂ ಇರುತ್ತವೆ. ಎರಡು ಪುಸ್ತಕಗಳನ್ನು ತಲಾ 120 ಜನ ಸೂಚಿಸಿದ್ದಾರೆ ಎನ್ನಿ. ಕೊನೆಯ ಸುತ್ತುಗಳಲ್ಲಿ ಒಂದರ ಅಂಕ 35, ಇನ್ನೊಂದರದು 90. ಮೊದಲನೆಯದರ ಓದುಗರು ಪಟ್ಟಿಯ ಉಳಿದ ಪುಸ್ತಕಗಳನ್ನೂ ಸೂಚಿಸಿದವರೇ. ಎಲ್ಲರೂ ಓದುವುದನ್ನು ಓದುವವರು. ಎರಡನೆಯದರ ಓದುಗರಿಗೆ ಪಟ್ಟಿಯಲ್ಲಿ ಉಳಿದದ್ದು ಹೆಚ್ಚುಕಡಿಮೆ ಅದೊಂದೇ. ಅವರು ಬೇರೆಲ್ಲಿಂದಲೋ ಬಂದವರು, ಬೇರೇನನ್ನೋ ಓದುತ್ತಿರುವವರು. ಅಂಕವನ್ನು ಸೂಚಿಸಿದವರ ಸಂಖ್ಯೆಯಿಂದ ಭಾಗಿಸಿದರೆ ಸಾಕು, ಆ ಪುಸ್ತಕ ಹೊಸ ಓದುಗರನ್ನು ಕರೆತಂದಿದೆಯೇ ಇಲ್ಲವೇ ಎಂಬ ಅಂದಾಜು ಸಿಗುತ್ತದೆ. ಸಂಪಾದಕರ ಸಭೆಯಲ್ಲಿ ಇಷ್ಟು ಒಳ್ಳೆಯ ಆಯುಧ ಬೇರೆ ಇಲ್ಲ. ಒಂದು ಎಚ್ಚರ: ಈ ಅನುಪಾತ ಹೆಚ್ಚಿದ್ದಷ್ಟೂ ಲೇಖಕರ ಅಭಿಮಾನಿ ಬಳಗ ಒಟ್ಟಾಗಿ ಬಂದು ಒಂದೇ ಹೆಸರು ಬರೆದಿರುವ ಸಾಧ್ಯತೆಯೂ ಹೆಚ್ಚು. ಹಾಗಾಗಿ ಅಂತಿಮ ಮತದಾನದಲ್ಲಿ ಅದಕ್ಕೆ ಹೊರಗಿನವರಿಂದ ಎಷ್ಟು ಮತ ವರ್ಗವಾಯಿತು ಎಂದು ನೋಡದೆ ತೀರ್ಮಾನಿಸಬಾರದು.

ಕಿರುಕಾದಂಬರಿ ವಿಭಾಗದ ಬಗ್ಗೆಯೂ ಒಂದು ಮಾತು. 17,500ರಿಂದ 40,000 ಪದಗಳ ನಡುವಿನ ಬರಹ ಇಲ್ಲಿಗೆ ಸೇರುತ್ತದೆ. 2016ರಿಂದ 2019ರವರೆಗೆ ಸತತ ನಾಲ್ಕು ವರ್ಷ ಇದನ್ನು ಗೆದ್ದದ್ದು ಟೋರ್ ಡಾಟ್ ಕಾಮ್ ಎಂಬ ಒಂದೇ ಪ್ರಕಾಶನದ ಪುಸ್ತಕಗಳು. ಕೂಡಲೇ ‘ಲಾಬಿ’ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪತ್ರಿಕೆಗಳಲ್ಲಿ ಬಂದು ಮರೆಯಾಗುತ್ತಿದ್ದ ಈ ಅಳತೆಯ ಬರಹವನ್ನು ಅವರು ತೆಳುವಾದ ಪ್ರತ್ಯೇಕ ಪುಸ್ತಕವಾಗಿ, ಕಡಿಮೆ ಬೆಲೆಯ ಇ-ಪುಸ್ತಕವಾಗಿ ಮಾರಿದರು. ಮತದಾರರು ಓದಿದ್ದಕ್ಕೆ ತಾನೇ ಮತ ಹಾಕುವುದು? ಸದಸ್ಯರಿಗೆ ಅಂತಿಮ ಪಟ್ಟಿಯ ಬರಹಗಳ ಡಿಜಿಟಲ್ ಪ್ರತಿಗಳೂ ಸಿಗುತ್ತವೆ. ಅಷ್ಟನ್ನೆಲ್ಲ ಕೆಲವೇ ತಿಂಗಳಲ್ಲಿ ಓದಬೇಕಾದಾಗ ಸರಣಿಯೊಂದರ ಏಳನೆಯ ಸಂಪುಟ ಸಹಜವಾಗಿಯೇ ಹಿಂದೆ ಬೀಳುತ್ತದೆ. ಸರಣಿಗಳಿಗೆಂದೇ ಬೇರೆ ವಿಭಾಗ ಮಾಡಿದರು, ಕನಿಷ್ಠ ಮೂರು ಸಂಪುಟ, 2,40,000 ಪದ ಎಂಬ ಷರತ್ತಿನೊಂದಿಗೆ. ಅಷ್ಟನ್ನು ಪೂರ್ತಿ ಓದಿ ಮತ ಹಾಕುವವರ ಬಗ್ಗೆ ನನಗೆ ಗೌರವವಿದೆ, ಅನುಮಾನವೂ ಇದೆ.

‘ಈಗ ಗಂಡಸರಿಗೆ ಕೊಡುವುದೇ ಇಲ್ಲ’ ಎಂಬ ದೂರನ್ನು ಬೇಗ ಮುಗಿಸುತ್ತೇನೆ. 2016ರಿಂದ 2024ರವರೆಗೆ ಕಾದಂಬರಿ ವಿಭಾಗ ಗೆದ್ದವರೆಲ್ಲ ಮಹಿಳೆಯರು ನಿಜ, ಎನ್. ಕೆ. ಜೆಮಿಸಿನ್ ಒಬ್ಬರೇ ಮೂರು ವರ್ಷ ಸತತವಾಗಿ ಗೆದ್ದರು. 2025ರಲ್ಲಿ ರಾಬರ್ಟ್ ಜಾಕ್ಸನ್ ಬೆನೆಟ್ ಗೆದ್ದು ಸರಪಳಿ ತುಂಡಾಯಿತು. ಈ ವಿಭಾಗವನ್ನು ಮೊದಲು ಗೆದ್ದ ಮಹಿಳೆ ಉರ್ಸುಲಾ ಲಗ್ವಿನ್, 1970ರಲ್ಲಿ. 1953ರಿಂದ ಅಲ್ಲಿಯವರೆಗೆ ಗೆದ್ದವರೆಲ್ಲ ಗಂಡಸರೇ ಆಗಿದ್ದುದು ಇವರಲ್ಲಿ ಎಷ್ಟು ಜನರಿಗೆ ನೆನಪಿದೆಯೋ.

ನಾನು ನಿಜಕ್ಕೂ ತಲೆ ಕೆಡಿಸಿಕೊಳ್ಳುವುದು ಕಡತವೇ ಸುಳ್ಳು ಹೇಳಿದಾಗ. ಸಮ್ಮೇಳನ ಮುಗಿದ 90 ದಿನಗಳೊಳಗೆ ಅಂಕಿ ಅಂಶ ಪ್ರಕಟಿಸಬೇಕು ಎಂಬುದು ನಿಯಮ. 2023ರ ಅಕ್ಟೋಬರಿನಲ್ಲಿ ಚೀನಾದ ಚೆಂಗ್ಡುವಿನಲ್ಲಿ ಪ್ರಶಸ್ತಿ ಕೊಟ್ಟರು. ಅಂಕಿ ಅಂಶ ಹೊರಬಂದದ್ದು 2024ರ ಜನವರಿಯಲ್ಲಿ. ಆರ್. ಎಫ್. ಕ್ವಾಂಗ್ ಅವರ ‘ಬೇಬಲ್’ ಕಾದಂಬರಿಗೆ ಸಾಕಷ್ಟು ನಾಮನಿರ್ದೇಶನಗಳಿದ್ದೂ ಅದರ ಮುಂದೆ ‘ಅರ್ಹವಲ್ಲ’ ಎಂದಿತ್ತು. ಕಾರಣ ಕೊಟ್ಟಿರಲಿಲ್ಲ. ಅದೇ ಕಾದಂಬರಿ ನೆಬ್ಯುಲಾವನ್ನೂ ಲೋಕಸ್ ಪತ್ರಿಕೆಯ ಪ್ರಶಸ್ತಿಯನ್ನೂ ಗೆದ್ದಾಗಿತ್ತು. ಇನ್ನೂ ಕೆಲವರಿಗೆ ಹೀಗೇ ಆಗಿತ್ತು. ಮುಂದಿನ ತಿಂಗಳು ಬಯಲಾದ ಇಮೇಲ್‌ಗಳಿಂದ, ಆಡಳಿತ ನಡೆಸಿದವರು ಲೇಖಕರ ರಾಜಕೀಯ ನಿಲುವುಗಳ ಟಿಪ್ಪಣಿ ತಯಾರಿಸುತ್ತಿದ್ದದ್ದು ಗೊತ್ತಾಯಿತು. ಆ ವರ್ಷದ ಗೆಲುವುಗಳನ್ನು ನಾನು ಆಯ್ಕೆಯ ಆಧಾರವಾಗಿ ಬಳಸುವುದಿಲ್ಲ. ಗೆದ್ದವರದು ಏನೂ ತಪ್ಪಿಲ್ಲ, ಪಾಪ. ಆದರೆ ಯಾರ ವಿರುದ್ಧ ಗೆದ್ದರು ಎಂಬುದೇ ಗೊತ್ತಿಲ್ಲದ ಗೆಲುವಿನಿಂದ ನನಗೆ ಏನೂ ತಿಳಿಯುವುದಿಲ್ಲ.

ಮರುವರ್ಷದ ಸಮ್ಮೇಳನ ನಡೆಸಿದ ಗ್ಲಾಸ್ಗೋದವರು ಬೇರೆ ರೀತಿ ನಡೆದುಕೊಂಡರು. ಒಬ್ಬ ಸ್ಪರ್ಧಿಯನ್ನು ಗೆಲ್ಲಿಸಲು ಯಾರೋ ಹಣ ಕೊಟ್ಟು ಸದಸ್ಯತ್ವ ಕೊಂಡು ಹಾಕಿಸಿದಂತಿದ್ದ 377 ಮತಗಳನ್ನು ತಳ್ಳಿಹಾಕಿ, ಫಲಿತಾಂಶಕ್ಕೆ ಮೊದಲೇ ಅದನ್ನು ಬಹಿರಂಗಪಡಿಸಿದರು. ಆ ಮತದಾರರ ಹೆಸರುಗಳಲ್ಲಿ ಕೆಲವು ಅನುಕ್ರಮ ಸಂಖ್ಯೆಗಳ ಭಾಷಾಂತರದಂತಿದ್ದವಂತೆ. ಸ್ಪರ್ಧಿಗೆ ವಿಷಯ ಗೊತ್ತಿತ್ತು ಎನ್ನಲು ಪುರಾವೆ ಇಲ್ಲವೆಂದು ಅವರ ಹೆಸರು ಹೇಳಲಿಲ್ಲ. ಆ ಮತಗಳನ್ನು ತೆಗೆದ ಮೇಲೆ ಅವರು ಗೆದ್ದಿಲ್ಲ ಎಂಬುದನ್ನು ಮಾತ್ರ ಮುಚ್ಚಿಡಲಿಲ್ಲ.

ಹೀಗಾಗಿ ಫಲಿತಾಂಶದ ದಿನ ಯಾರಾದರೂ ‘ಏನನ್ನಿಸಿತು?’ ಎಂದು ಕೇಳಿದರೆ, ಕಡತ ನೋಡಿ ಹೇಳುತ್ತೇನೆ ಎನ್ನುತ್ತೇನೆ. ಅಂತಿಮ ಆರರ ಕೆಳಗೆ, ಪಟ್ಟಿ ಸೇರದೆ ಉಳಿದ ಹೆಸರುಗಳಲ್ಲಿ ಅಂಕದ ಅನುಪಾತ ಹೆಚ್ಚಿರುವ ಒಂದೆರಡನ್ನು ಮೊದಲು ಗುರುತು ಹಾಕಿಕೊಳ್ಳುತ್ತೇನೆ. ಗೆದ್ದ ಪುಸ್ತಕದ ಹಕ್ಕು ಅಷ್ಟರಲ್ಲಿ ದುಬಾರಿಯಾಗಿರುತ್ತದೆ. ಇವುಗಳ ಏಜೆಂಟರು ಇನ್ನೂ ನಮ್ಮ ಇಮೇಲ್‌ಗೆ ಅದೇ ದಿನ ಉತ್ತರ ಕೊಡುತ್ತಾರೆ.