ಹಗ್ಗ ಹರಿದರೆ ಬಿಡುಗಡೆಯೇ?

"ಗಲ್ಲಿಗೇರಿಸುವಾಗ ಹಗ್ಗ ಹರಿದರೆ ಕೈದಿಯನ್ನು ಬಿಟ್ಟುಬಿಡುತ್ತಾರಂತೆ, ಹೌದೇ ಸರ್?"

ಗಂಗಾವತಿಯ ಕೋರ್ಟಿನೆದುರು ಮಿರ್ಚಿ ತಿನ್ನಲು ನಿಂತರೂ ಇದೇ ಪ್ರಶ್ನೆ, ಮದುವೆಯ ಪಂಕ್ತಿಯಲ್ಲಿ ಕುಳಿತರೂ ಇದೇ. ಇಲ್ಲ, ಬಿಡುವುದಿಲ್ಲ. ಇದರ ಜೊತೆಗೊಂದು ಕಥೆಯೂ ಓಡಾಡುತ್ತದೆ: ಬ್ರಿಟಿಷರ ಕಾಲದ ಬ್ಯಾರಿಸ್ಟರ್ ಒಬ್ಬರು ಜೈಲಿಗೆ ಓಡಿಬಂದು, "ತೀರ್ಪಿನಲ್ಲಿ ನೇಣು ಹಾಕಿ ಎಂದಷ್ಟೇ ಇದೆ, ಹಾಕಿದ್ದಾಯಿತು, ಇಳಿಸಿ" ಎಂದರಂತೆ. ಆಮೇಲೆಯೇ 'ಸಾಯುವವರೆಗೆ' ಎಂಬ ಮಾತು ಸೇರಿತಂತೆ. ಬ್ಯಾರಿಸ್ಟರ್ ಹೆಸರು ಮಾತ್ರ ಹೇಳುವವರಿಗೆ ತಕ್ಕಂತೆ ಬದಲಾಗುತ್ತದೆ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಆ ಮಾತು ಇತ್ತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಇಂಗ್ಲೆಂಡಿನ ನ್ಯಾಯಾಧೀಶರು ಅದಕ್ಕೂ ಎಷ್ಟೋ ಮೊದಲಿನಿಂದ ಶಿಕ್ಷೆಯನ್ನು ಹಾಗೆಯೇ ಓದಿ ಹೇಳುತ್ತಿದ್ದರು.

1885ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಜೈಲಿನಲ್ಲಿ ನೇಣಿಗೆ ನಿಲ್ಲಿಸಿದ್ದ ಜಾನ್ ಲೀ ಎಂಬವನ ಕಾಲಡಿಯ ಹಲಗೆ ಮೂರು ಸಲ ಎಳೆದರೂ ತೆರೆಯಲಿಲ್ಲ. ಉಳಿದ, ನಿಜ. ಉಳಿಸಿದ್ದು ಗೃಹ ಸಚಿವರ ದಯೆ, ಕಾನೂನಲ್ಲ. ಮನೆಗೂ ಹೋಗಲಿಲ್ಲ, 1907ರವರೆಗೆ ಜೈಲಿನಲ್ಲೇ ಇದ್ದ. 1946ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ 17ರ ಹುಡುಗ ವಿಲ್ಲಿ ಫ್ರಾನ್ಸಿಸ್ ವಿದ್ಯುತ್ ಕುರ್ಚಿಯಿಂದ ಜೀವಂತ ಎದ್ದ. ಮತ್ತೆ ಕೂರಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಹೇಳಿತು. 1947ರ ಮೇ ತಿಂಗಳಲ್ಲಿ ಕೂರಿಸಿದರು. ಅಲಬಾಮಾದ ಕೆನೆತ್ ಸ್ಮಿತ್‌ಗೆ 2022ರಲ್ಲಿ ವಿಷದ ಚುಚ್ಚುಮದ್ದು ಕೊಡಲು ನರವೇ ಸಿಗಲಿಲ್ಲ. 2024ರ ಜನವರಿಯಲ್ಲಿ ನೈಟ್ರೋಜನ್ ಅನಿಲದಿಂದ ಕೊಂದರು. ಇನ್ನೂ ಅನುಮಾನವೇ?

ಉಳಿದ ದೇಶಗಳದ್ದನ್ನೂ ಕೇಳುತ್ತೀರಿ: ಸೌದಿಯಲ್ಲಿ ಕತ್ತಿ, ಜಪಾನ್ ಮತ್ತು ಸಿಂಗಪುರದಲ್ಲಿ ನೇಣು, ಚೀನಾದಲ್ಲಿ ಗುಂಡು ಅಥವಾ ಚುಚ್ಚುಮದ್ದು. ನಮ್ಮ ಸೇನಾ ಕಾಯ್ದೆಯಲ್ಲಿ ನೇಣಿನ ಜೊತೆಗೆ ಗುಂಡಿಗೂ ಅವಕಾಶವಿದೆ.

ಅಸಲಿಗೆ ಹಗ್ಗ ಹರಿಯದಂತೆಯೇ ಸಿದ್ಧತೆ ನಡೆಯುತ್ತದೆ. ಕೈದಿಯ ತೂಕದ ಒಂದೂವರೆ ಪಟ್ಟು ಭಾರದ ಮರಳಿನ ಚೀಲವನ್ನು ಅದಕ್ಕೆ ಕಟ್ಟಿ ಬೀಳಿಸಿ ನೋಡುತ್ತಾರೆ. ಇದನ್ನು ನಮ್ಮ ಎಪಿಎಂಸಿಯ ಹಮಾಲರೊಬ್ಬರಿಗೆ ಹೇಳಿದೆ. ಬೆನ್ನ ಮೇಲಿನ ಭತ್ತದ ಚೀಲವನ್ನು ಇಳಿಸಿ, "ಇದು ಎಪ್ಪತ್ತೈದು ಕಿಲೋ, ಅಂದರೆ ಐವತ್ತು ಕಿಲೋ ಮನುಷ್ಯನಿಗೆ" ಎಂದರು. ಲೆಕ್ಕ ಸರಿಯಾಗಿತ್ತು, ನನಗಿಂತ ಬೇಗ.

ಹಗುರ ಇದ್ದವನಿಗೆ ಹಗ್ಗವನ್ನು ಉದ್ದ ಬಿಡುತ್ತಾರೆ, ಭಾರದವನಿಗೆ ಗಿಡ್ಡ. ಏಕೆಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಹಗುರ ದೇಹಕ್ಕೆ ಕತ್ತು ಮುರಿಯುವಷ್ಟು ರಭಸ ಬರಬೇಕಾದರೆ ಹೆಚ್ಚು ದೂರ ಬೀಳಬೇಕು. ಭಾರದವನನ್ನು ಅಷ್ಟೇ ದೂರ ಬೀಳಿಸಿದರೆ ರುಂಡವೇ ಕಿತ್ತುಬರಬಹುದು. 1872ರಲ್ಲಿ ಇಂಗ್ಲೆಂಡಿನಲ್ಲಿ ಈ ಉದ್ದ ಹಗ್ಗದ ಪದ್ಧತಿಯನ್ನು ತಂದವನು ನೇಣುಗಾರ ವಿಲಿಯಂ ಮಾರ್ವುಡ್, ಕಸುಬಿನಿಂದ ಚಪ್ಪಲಿ ಹೊಲಿಯುವವನು.