ನಾನೊಬ್ಬ ಕಾರು ಬಿಟ್ಟರೆ ಜಾಮ್ ಕಮ್ಮಿ ಆಗುತ್ತದೆಯೇ?

ಪ್ರಶ್ನೆ: ಮನಿಯಿಂದ ಸೂಪರ್ ಮಾರ್ಕೆಟ್ ಬರೇ ಎರಡು ಕಿಲೋಮೀಟರ್. ಜಗತ್ ಸರ್ಕಲ್‌ನ್ಯಾಗ ಒಂದೊಂದು ಸಲ ಎರಡೆರಡು ಸಿಗ್ನಲ್ ಕಾಯ್ಬೇಕಾಗ್ತದ. ನಾನೊಬ್ಬ ಕಾರ್ ಬಿಟ್ರ ಏನ್ ಫರಕ್ ಬೀಳ್ತದ್ರೀ? – ಓದುಗರು, ಕಲಬುರಗಿ

ಉತ್ತರ: ನೀವೊಬ್ಬರೇ ಬಿಟ್ಟರೆ ಫರಕ್ ಕಾಣುವುದಿಲ್ಲ. ಹದಿನೈದು ಮಂದಿಯಲ್ಲಿ ಇಬ್ಬರು ಬಿಟ್ಟರೆ ಸಾಲೇ ಬೆಳೆಯುವುದಿಲ್ಲ.

ಯಾವುದೇ ಸಿಗ್ನಲ್ಲಿನ ಲೆಕ್ಕ ಹಿಡಿಯಿರಿ. ಒಂದು ಸುತ್ತು 90 ಸೆಕೆಂಡ್, ಅದರಲ್ಲಿ ನಿಮ್ಮ ದಾರಿಗೆ ಹಸಿರು 30 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಮುಂದಿನ ಗಾಡಿ ಕದಲುವಷ್ಟರಲ್ಲಿ ಎರಡು ಸೆಕೆಂಡ್ ಹೋಯಿತು. ಆಮೇಲೆ ಒಂದು ಲೇನಿನಲ್ಲಿ ಸುಮಾರು ಎರಡು ಸೆಕೆಂಡಿಗೊಂದರಂತೆ 14 ಕಾರು ದಾಟುತ್ತವೆ. ಬರುವುದು 15 ಆದರೆ ಸುತ್ತಿಗೊಂದು ಕಾರು ಹಿಂದುಳಿಯುತ್ತದೆ. ಗಂಟೆಗೆ 40 ಸುತ್ತು, 40 ಕಾರು. ಒಂದಕ್ಕೆ 6 ಮೀಟರ್ ಹಿಡಿದರೂ 240 ಮೀಟರ್ ಸಾಲು! ಬರುವುದು 13ಕ್ಕೆ ಇಳಿದರೆ ಪ್ರತಿ ಹಸಿರಿಗೂ ರಸ್ತೆ ಖಾಲಿ. ಬೈಕು, ಆಟೊ ಸೇರಿದರೆ ಅಂಕಿ ಬದಲಾದೀತು, ತರ್ಕ ಬದಲಾಗದು. ಶಾಲೆಗೆ ರಜೆ ಬಿದ್ದೊಡನೆ ಬೆಳಗಿನ ರಸ್ತೆ ಸಲೀಸಾಗುವುದೂ ಇದಕ್ಕೇ.

ಹಾಗಾದರೆ ಯಾವ ಓಡಾಟ ಬಿಡಬೇಕು? ದೂರದ್ದಲ್ಲ, ಹತ್ತಿರದ್ದು. ಒಂದು ಕಿಲೋಮೀಟರಿಗೆ ನಡಿಗೆ 12ರಿಂದ 15 ನಿಮಿಷ. ಮೂರು ಕಿಲೋಮೀಟರಿಗೆ ಸೈಕಲ್ಲೂ ಅಷ್ಟೇ. ಮಗುವನ್ನು ಶಾಲೆಗೆ ಬಿಟ್ಟು ಖಾಲಿಯಾಗಿ ಮನೆಗೆ ಮರಳುವ ಕಾರು ರಸ್ತೆಯನ್ನು ಎರಡು ಸಲ ತಿನ್ನುತ್ತದೆ. ಓಣಿಯ ನಾಲ್ಕು ಮನೆಯವರು ಸೇರಿ ಒಂದು ಆಟೊ ಗೊತ್ತು ಮಾಡಿದರೆ ಎಂಟು ಫೇರಿ ಎರಡಕ್ಕೆ ಇಳಿಯುತ್ತವೆ. ಬಜಾರಿಗೆ ಕಾರು ತರಲೇಬೇಕೆಂದರೆ ಒಂದೇ ಕಡೆ ನಿಲ್ಲಿಸಿ, ಉಳಿದ ಅಂಗಡಿಗಳಿಗೆ ನಡೆಯಿರಿ. ಏಳು ಮೀಟರ್ ರಸ್ತೆಯ ಒಂದು ಮಗ್ಗುಲಲ್ಲಿ ಕಾರು ನಿಂತರೆ ಉಳಿಯುವುದು ಐದೇ ಮೀಟರ್. ಬಸ್ಸಿನ ಅಗಲವೇ ಎರಡೂವರೆ.

ಬಸ್ಸಿನ ಮಾತು ಬೇರೆ. ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಆದರೆ ಕಾರಿನವರನ್ನು ತಡೆಯುವುದು ಟಿಕೆಟ್ ದರವಲ್ಲ, ಕಾಯುವಿಕೆ. ಅರ್ಧ ಗಂಟೆಗೊಂದು ಬಸ್ಸಿದ್ದರೆ ಸರಾಸರಿ 15 ನಿಮಿಷ ನಿಲ್ಲಬೇಕು. ಹತ್ತು ನಿಮಿಷಕ್ಕೊಂದಿದ್ದರೆ ಐದೇ. ಆ ಬಸ್ಸೂ ಕಾರಿನ ಸಾಲಿನಲ್ಲೇ ಸಿಕ್ಕಿಬಿದ್ದರೆ ಯಾರು ಹತ್ತುತ್ತಾರೆ? ಸರ್ಕಲ್ಲಿನ ಬಾಯಲ್ಲೇ ಬಸ್ಸು, ಆಟೊ ನಿಲ್ಲಿಸಿ ಮಂದಿ ಹತ್ತಿಸಿದರೆ ಹಸಿರು ಪುಕ್ಕಟೆ ಹೋಗುತ್ತದೆ. ನಿಲ್ದಾಣ ಸಿಗ್ನಲ್ ದಾಟಿ ಸಾಕಷ್ಟು ಆಚೆ ಇರಬೇಕು.

ಇನ್ನೊಂದು ತೊಡಕು: ರಸ್ತೆ ಸಲೀಸಾಯಿತೆಂದು ಕಂಡೊಡನೆ ಇಷ್ಟು ದಿನ ಆ ಕಡೆ ಸುಳಿಯದವರು ಕಾರು ಹೊರತೆಗೆಯುತ್ತಾರೆ. ರಸ್ತೆ ಅಗಲ ಮಾಡಿದಾಗಲೂ ಆಗುವುದು ಇದೇ. ಬಜಾರಿನಲ್ಲಿ ಗಂಟೆ ಲೆಕ್ಕದ ಪಾರ್ಕಿಂಗ್ ಶುಲ್ಕವಿಲ್ಲದೆ ಇದು ನಿಲ್ಲದು.

ಬಿಸಿಲು? ನಮ್ಮ ಭಾಗದಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಸುವ ರೂಢಿಯಿದೆ. ಹೋಗುವಾಗ ನಡಿಗೆ, ಸೈಕಲ್ ನಡೆದೀತು; ಬರುವಾಗ ಶೇರ್ ಆಟೊ ಹಿಡಿಯಿರಿ.